ಮನೆ ಅಡುಗೆ ಮಾರಾಟಕ್ಕೆ ಹೊರಟಾಗ: ಕಾನೂನಿನ ಲೆಕ್ಕ, ಭರಣಿಯ ಲೆಕ್ಕ

(ಮಡಿಕೇರಿಯಲ್ಲಿ ಸ್ವಸಹಾಯ ಸಂಘದ ಹೆಂಗಸರು ಮತ್ತು ಹೋಂಸ್ಟೇ ನಡೆಸುವವರ ಮುಂದೆ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಭಯ ಕಳೆಯೋಣ. ಮನೆಯ ಅಡುಗೆಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಜಾಮ್, ಮಸಾಲೆ ಪುಡಿ, ಕಾಚಂಪುಳಿ (ಹುಳಿ ಹಣ್ಣಿನ ರಸ ಕುದಿಸಿ ಮಾಡುವ ಕೊಡಗಿನ ಕಪ್ಪು ವಿನಿಗರ್) ಮಾರುವುದು ತಪ್ಪಲ್ಲ. ಬೇರೆ ಕಟ್ಟಡ ಕಟ್ಟಬೇಕಿಲ್ಲ. ದೊಡ್ಡ ಯಂತ್ರ ತರಬೇಕಿಲ್ಲ. ಒಂದು ನೋಂದಣಿ ಬೇಕು. ಅದಕ್ಕೆ 2011ರ ನಿಯಮಗಳು ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ಇಷ್ಟು ಸಣ್ಣ ಕೆಲಸಕ್ಕೆ ಹೆದರಿ ಎಷ್ಟೋ ಜನ ಕದ್ದುಮುಚ್ಚಿ ಮಾರುತ್ತಾರೆ. ಅಂಗಡಿಯವರು ಬಿಲ್ ಕೇಳಿದರೆ ಹಿಂದೆ ಸರಿಯುತ್ತಾರೆ. ಅದರ ಅಗತ್ಯವೇ ಇಲ್ಲ.

ಆದರೆ ನಾನು ಬಂದಿರುವುದು ಬರೀ ಆ ನೂರು ರೂಪಾಯಿಯ ವಿಷಯ ಹೇಳುವುದಕ್ಕಲ್ಲ. ನಮ್ಮ ಕಾನೂನು ಸಣ್ಣ ವ್ಯಾಪಾರವನ್ನು ಅಳೆಯುವುದು ಹೆಚ್ಚಾಗಿ ದುಡ್ಡಿನಲ್ಲಿ, ಕೆಜಿಯಲ್ಲಿ. ವರ್ಷಕ್ಕೆ ಎಷ್ಟು ವಹಿವಾಟು, ದಿನಕ್ಕೆ ಎಷ್ಟು ತಯಾರಿ, ಇದನ್ನು ಕೇಳುತ್ತದೆ. ಕಾಯಿಲೆ ತರುವ ಸೂಕ್ಷ್ಮಜೀವಿಗೆ ನಿಮ್ಮ ವಹಿವಾಟು ಗೊತ್ತಿಲ್ಲ. ಭರಣಿಯೊಳಗೆ ಎಷ್ಟು ನೀರಿದೆ, ಎಷ್ಟು ಹುಳಿ ಇದೆ, ಎಷ್ಟು ಬಿಸಿ ತಟ್ಟಿದೆ ಅನ್ನುವುದು ಮಾತ್ರ ಅದಕ್ಕೆ ಲೆಕ್ಕ. ನೋಂದಣಿ ಚೀಟಿ ಕೈಗೆ ಬಂದ ಕೂಡಲೇ ಒಳಗಿರುವ ಪದಾರ್ಥ ಸುರಕ್ಷಿತ ಅಂತ ಸರ್ಕಾರ ಮುದ್ರೆ ಒತ್ತಿದ ಹಾಗೆ ಆಗುವುದಿಲ್ಲ. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಮಾಡುವವರೇ ತುಂಬಬೇಕು. ಇದೇ ನನ್ನ ಮಾತಿನ ಮುಖ್ಯ ವಿಷಯ.

ಮೊದಲು ಕಾನೂನು.

ಹಿಂದೆ ಆಹಾರಕ್ಕೆ ಒಂದಲ್ಲ, ಹಲವು ಕಾನೂನುಗಳಿದ್ದವು. ಕಲಬೆರಕೆ ತಡೆಗೆ 1954ರ ಕಾಯ್ದೆ. ಹಣ್ಣಿನ ಪದಾರ್ಥ, ಉಪ್ಪಿನಕಾಯಿಗೆ 1955ರ ಆದೇಶ. ಮಾಂಸದ ಪದಾರ್ಥಕ್ಕೆ 1973ರದ್ದು ಇನ್ನೊಂದು. 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು. ಇವೆಲ್ಲ ಅದರ ಒಳಗೆ ಸೇರಿದವು. ಅದನ್ನು ನೋಡಿಕೊಳ್ಳುವ ಪ್ರಾಧಿಕಾರವೇ ನಾವೆಲ್ಲ ಪ್ಯಾಕೆಟ್ ಮೇಲೆ ನೋಡುವ ಎಫ್‌ಎಸ್‌ಎಸ್‌ಎಐ. ಲೈಸೆನ್ಸ್ ಮತ್ತು ನೋಂದಣಿಯ ನಿಯಮಗಳು 2011ರಲ್ಲಿ ಜಾರಿಗೆ ಬಂದವು.

ಈ ಕಾಯ್ದೆಯಲ್ಲಿ ಆಹಾರ ವ್ಯಾಪಾರ ಅಂದರೆ ಏನು ಅನ್ನುವುದನ್ನು ಗಮನವಿಟ್ಟು ಕೇಳಿ. ಲಾಭಕ್ಕೆ ಮಾಡಿದರೂ ಅದು ವ್ಯಾಪಾರ, ಲಾಭ ಇಲ್ಲದೆ ಮಾಡಿದರೂ ವ್ಯಾಪಾರ. ತಯಾರಿಸುವುದು, ಪ್ಯಾಕ್ ಮಾಡುವುದು, ಇಟ್ಟುಕೊಳ್ಳುವುದು, ಸಾಗಿಸುವುದು, ಹಂಚುವುದು, ಬಡಿಸುವುದು ಎಲ್ಲ ಇದರಲ್ಲಿ ಬರುತ್ತದೆ. ಹಾಗಾಗಿ "ನಾನು ವಾಟ್ಸಾಪ್‌ನಲ್ಲಿ ಗುರುತಿನವರಿಗೆ ಮಾತ್ರ ಕೊಡುವುದು" ಅಂದರೆ ನಡೆಯುವುದಿಲ್ಲ. "ದಸರಾಕ್ಕೆ ನಾಲ್ಕು ದಿನ ಸ್ಟಾಲ್ ಹಾಕಿದ್ದು ಅಷ್ಟೇ" ಅಂದರೂ ಅಷ್ಟೇ. ತಾತ್ಕಾಲಿಕ ಸ್ಟಾಲ್‌ನವರನ್ನು ಕಾನೂನು ಹೆಸರು ಹಿಡಿದೇ ಹೇಳುತ್ತದೆ.

ಕಾಯ್ದೆಯ 31ನೇ ಸೆಕ್ಷನ್ ಸಣ್ಣವರಿಗೆ ಒಂದು ಬಾಗಿಲು ತೆರೆದಿಟ್ಟಿದೆ. ಸ್ವಂತ ಮಾಡಿ ಮಾರುವ ಸಣ್ಣ ತಯಾರಕರು, ತಲೆಮೇಲೆ ಹೊತ್ತು ಮಾರುವವರು, ಗುಡಿ ಕೈಗಾರಿಕೆಯವರು ಇವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು. 2011ರ ನಿಯಮ ಹಾಕಿದ ಗಡಿ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು, ದಿನಕ್ಕೆ 100 ಕೆಜಿ ಅಥವಾ 100 ಲೀಟರ್ ತಯಾರಿ. ಹಾಲು ಮತ್ತು ಮಾಂಸಕ್ಕೆ ಈ 100 ಕೆಜಿ ಲೆಕ್ಕ ಇಲ್ಲ, ಅವಕ್ಕೆ ಬೇರೆ ಅಳತೆ ಇದೆ. ಗಡಿಗಳೂ ಶುಲ್ಕಗಳೂ ತಿದ್ದುಪಡಿ ಆಗುತ್ತಿರುತ್ತವೆ. ನೀವು ಅರ್ಜಿ ಹಾಕುವ ದಿನ ಎಫ್‌ಎಸ್‌ಎಸ್‌ಎಐನ ಅರ್ಜಿ ಹಾಕುವ ಜಾಲತಾಣ ಫೋಸ್ಕಾಸ್‌ನಲ್ಲಿ ಏನಿದೆಯೋ ಅದೇ ಲೆಕ್ಕ. ಪಕ್ಕದ ಮನೆಯವರು ಹೇಳಿದ್ದು ಬೇಡ. ನಾನು ಹೇಳಿದ್ದನ್ನೂ ಅಲ್ಲಿ ಒಮ್ಮೆ ನೋಡಿ ಖಚಿತ ಮಾಡಿಕೊಳ್ಳಿ.

ಅರ್ಜಿ ಕಷ್ಟದ್ದಲ್ಲ. ಫಾರ್ಮ್ ಎ ಅಂತ ಇದೆ. ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ, ಏನು ಮಾಡುತ್ತೀರಿ ಅನ್ನುವ ವಿವರ. ನಿಯಮದ ಪ್ರಕಾರ ಏಳು ದಿನದೊಳಗೆ ಅಧಿಕಾರಿ ನೋಂದಣಿ ಕೊಡಬೇಕು, ಇಲ್ಲವಾದರೆ ಕಾರಣ ಬರೆದು ತಿರಸ್ಕರಿಸಬೇಕು, ಅದೂ ಇಲ್ಲವಾದರೆ ಪರಿಶೀಲನೆಗೆ ಬರುತ್ತೇವೆ ಅಂತ ತಿಳಿಸಬೇಕು. ಪರಿಶೀಲನೆ ಇದ್ದರೆ 30 ದಿನದೊಳಗೆ ತೀರ್ಮಾನ. ಆ ಗಡುವಿನಲ್ಲಿ ಏನೂ ಉತ್ತರ ಬರದಿದ್ದರೆ ವ್ಯಾಪಾರ ಶುರು ಮಾಡಬಹುದು ಅಂತ ನಿಯಮವೇ ಹೇಳುತ್ತದೆ. ಇದು ನಿಮ್ಮ ಹಕ್ಕು. ಸಿಗುವುದು 14 ಅಂಕಿಯ ಒಂದು ನಂಬರ್. ಅದನ್ನು ಲೇಬಲ್ ಮೇಲೆ, ಬಿಲ್ ಮೇಲೆ ಹಾಕಬೇಕು. ಪಂಚಾಯಿತಿ ಅಥವಾ ಪುರಸಭೆಯ ವ್ಯಾಪಾರ ಪರವಾನಗಿ ಬೇರೆ. ಅದನ್ನು ಅಲ್ಲೇ ಹೋಗಿ ವಿಚಾರಿಸಿ.

ಕೊಡಗಿನವರಿಗೆ ಇನ್ನೊಂದು ವಿಷಯ ಮುಖ್ಯ. ರೈತ ತನ್ನ ತೋಟದಲ್ಲಿ ಬೆಳೆದದ್ದಕ್ಕೆ, ತೋಟದ ಮಟ್ಟದಲ್ಲಿ, ಈ ಕಾಯ್ದೆ ಅನ್ವಯಿಸುವುದಿಲ್ಲ. 18ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳಿದೆ. ನಿಮ್ಮ ಬಳ್ಳಿಯ ಕಾಳುಮೆಣಸನ್ನು ಕೊಯ್ದು ಕಣದಲ್ಲಿ ಒಣಗಿಸಿ ವ್ಯಾಪಾರಿಗೆ ಕೊಟ್ಟರೆ ನೀವು ರೈತರು. ಅದೇ ಮೆಣಸನ್ನು ಪುಡಿ ಮಾಡಿ, 100 ಗ್ರಾಂ ಪೊಟ್ಟಣ ಕಟ್ಟಿ, ಚೀಟಿ ಅಂಟಿಸಿ ರಸ್ತೆ ಬದಿ ಇಟ್ಟರೆ ನೀವು ಆಹಾರ ವ್ಯಾಪಾರಿ. ಕಿತ್ತಳೆ ಮಾರಿದರೆ ಒಂದು, ಕಿತ್ತಳೆ ಸ್ಕ್ವಾಷ್ ಮಾರಿದರೆ ಇನ್ನೊಂದು. ಕಾಫಿ ಬೀಜ ಕೊಟ್ಟರೆ ಒಂದು, ಹುರಿದು ಪುಡಿ ಮಾಡಿ ಕೊಟ್ಟರೆ ಇನ್ನೊಂದು. ಪುಡಿಗೆ ಚಿಕೋರಿ ಸೇರಿಸಿದರೆ ಎಷ್ಟು ಪಾಲು ಕಾಫಿ, ಎಷ್ಟು ಪಾಲು ಚಿಕೋರಿ ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಅದರಲ್ಲಿ ಕಾಫಿ ಕಡೇಪಕ್ಷ 51 ಶೇಕಡಾ ಇರಬೇಕು.

ಹೋಂಸ್ಟೇಯವರೇ, ನಿಮಗೂ ಇದು ಬೇಕು. ಅತಿಥಿಯಿಂದ ದುಡ್ಡು ತೆಗೆದುಕೊಂಡು ಕಡಂಬುಟ್ಟು (ಅಕ್ಕಿ ಉಂಡೆ), ಪಂದಿ ಕರಿ (ಹಂದಿ ಮಾಂಸದ ಸಾರು) ಬಡಿಸಿದರೆ ಅದು ಮನೆಯೂಟವೇ ಇರಬಹುದು, ಕಾನೂನಿಗೆ ಅದು ಆಹಾರ ವ್ಯಾಪಾರ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಕೋಣೆಗೆ. ಅಡುಗೆಗೆ ಇದು ಬೇರೆ.

ಈಗ ಎರಡನೇ ಲೆಕ್ಕಕ್ಕೆ ಬರುತ್ತೇನೆ.

ಅಮೆರಿಕದಲ್ಲಿ ಮನೆ ಅಡುಗೆ ಮಾರಾಟಕ್ಕೆ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನಿದೆ. ಅವನ್ನು ಕಾಟೇಜ್ ಫುಡ್ ಕಾನೂನು ಅನ್ನುತ್ತಾರೆ. ಕ್ಯಾಲಿಫೋರ್ನಿಯಾ 2012ರಲ್ಲಿ ಮಾಡಿತು, 2013ರಿಂದ ಜಾರಿ. ಬಹಳ ರಾಜ್ಯಗಳಲ್ಲಿ ಈ ಕಾನೂನಿನ ಮೂಲ ಪ್ರಶ್ನೆ "ಏನು ಮಾಡುತ್ತೀರಿ" ಅನ್ನುವುದು. ಫ್ರಿಜ್ ಇಲ್ಲದೆ ಕೆಡದೆ ಇರುವ ಬ್ರೆಡ್, ಬಿಸ್ಕೆಟ್, ಜಾಮ್, ಒಣ ಮಸಾಲೆ, ಮಿಠಾಯಿ ಇವನ್ನು ಮನೆಯಲ್ಲಿ ಮಾಡಿ ಮಾರಬಹುದು. ಮಾಂಸದ ಪದಾರ್ಥ ಸಾಮಾನ್ಯವಾಗಿ ಪಟ್ಟಿಯ ಹೊರಗೆ. ವಯೋಮಿಂಗ್ ರಾಜ್ಯ ಮಾತ್ರ 2015ರಲ್ಲಿ ಇನ್ನೂ ಸಡಿಲ ಮಾಡಿತು. ನೇರವಾಗಿ, ತಿಳಿದು ಕೊಳ್ಳುವವರಿಗೆ ಬಹಳಷ್ಟನ್ನು ಮಾರಬಹುದು ಅಂದಿತು. ಅವರದ್ದೇ ಸರಿ, ನಮ್ಮದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಾನೂನು ಬಡವರಿಗೆ ಬಾಗಿಲು ಅಗಲ ಮಾಡಿದೆ, ಅದು ನನಗೆ ಇಷ್ಟ. ಆದರೆ ನಿಂಬೆಕಾಯಿ ಉಪ್ಪಿನಕಾಯಿಗೂ ಹಂದಿ ಮಾಂಸದ ಉಪ್ಪಿನಕಾಯಿಗೂ ಅಪಾಯ ಒಂದೇ ಅಲ್ಲ. ಆ ಪಟ್ಟಿಯನ್ನು ನಮಗೆ ನಾವೇ ಬರೆದುಕೊಳ್ಳಬೇಕು.

ಹಂದಿ ಮಾಂಸದ ಉಪ್ಪಿನಕಾಯಿಯನ್ನೇ ತೆಗೆದುಕೊಳ್ಳಿ. ಇದಕ್ಕೆ ಈಗ ಬೇಡಿಕೆ ಜಾಸ್ತಿ. ಬೆಂಗಳೂರಿಗೆ ಪಾರ್ಸಲ್ ಹೋಗುತ್ತದೆ. ಮಾಡುವ ಕ್ರಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತುಂಡು ಮಾಡಿ, ಉಪ್ಪು ಅರಿಶಿನ ಹಾಕಿ, ನೀರು ಆರುವ ತನಕ ಬೇಯಿಸಿ, ಅದರದ್ದೇ ಕೊಬ್ಬಿನಲ್ಲಿ ಹುರಿದು, ಮಸಾಲೆ ಸೇರಿಸಿ, ಹುಳಿ ಹಾಕಿ, ಆರಿದ ಮೇಲೆ ಬಾಟಲಿಗೆ ತುಂಬಿ ಮೇಲೆ ಎಣ್ಣೆ ನಿಲ್ಲಿಸುತ್ತೀರಿ. ಎಣ್ಣೆ ಯಾಕೆ? ಗಾಳಿ ತಾಗಬಾರದು, ಬೂಸ್ಟು ಬರಬಾರದು ಅಂತ. ಸರಿ. ಬೂಸ್ಟಿಗೆ ಗಾಳಿ ಬೇಕು. ಆದರೆ ಗಾಳಿ ಇಲ್ಲದ ಜಾಗದಲ್ಲೇ ಬೆಳೆಯುವ ಒಂದು ಸೂಕ್ಷ್ಮಜೀವಿ ಇದೆ. ಅದರ ಹೆಸರು ಕ್ಲಾಸ್ಟ್ರಿಡಿಯಂ ಬಾಟುಲಿನಂ. ಮಣ್ಣಿನಲ್ಲಿ ಇರುತ್ತದೆ, ಪ್ರಾಣಿಗಳ ಕರುಳಿನಲ್ಲೂ ಇರಬಹುದು. ಅದರ ಬೀಜಕಣ ಕುದಿಯುವ ನೀರಿಗೂ ಸಾಯುವುದಿಲ್ಲ. ಅದನ್ನು ಕೊಲ್ಲಲು ಒತ್ತಡದಲ್ಲಿ 121 ಡಿಗ್ರಿ ಬಿಸಿ ಬೇಕು. ಕಾರ್ಖಾನೆಯವರು ಡಬ್ಬಿ ಮಾಂಸಕ್ಕೆ ಅದನ್ನೇ ಮಾಡುವುದು. ನಮ್ಮ ಬಾಣಲೆಯಲ್ಲಿ ನೀರು ಇರುವ ತುಂಡಿನ ಒಳಗೆ ಆ ಬಿಸಿ ಸಿಗುವುದಿಲ್ಲ.

ಹಾಗಾದರೆ ಅದನ್ನು ತಡೆಯುವುದು ಯಾವುದು? ಹುಳಿ. ಪಿಎಚ್ ಅನ್ನುವ ಅಳತೆಯಲ್ಲಿ 4.6ಕ್ಕಿಂತ ಕೆಳಗೆ ಹೋದರೆ ಈ ಜೀವಿ ಬೆಳೆದು ವಿಷ ಮಾಡಲಾರದು. ಹುಳಿ ಹೆಚ್ಚಾದಷ್ಟೂ ಈ ಅಂಕಿ ಇಳಿಯುತ್ತದೆ. ನಿಂಬೆ, ಮಾವಿನಕಾಯಿ ತಾವೇ ಹುಳಿ. ಮಾಂಸ ಹುಳಿ ಅಲ್ಲ, ಅದಕ್ಕೆ ನಾವೇ ಸೇರಿಸಬೇಕು. ನಮ್ಮ ಹಿರಿಯರು ಪಂದಿ ಕರಿಗೆ ಕಾಚಂಪುಳಿ ಹಾಕಿದ್ದು ರುಚಿಗೂ ಹೌದು, ಅದರಿಂದ ಮಾಂಸಕ್ಕೆ ಹುಳಿಯ ಕಾವಲೂ ಸಿಕ್ಕಿತು.

ಇಲ್ಲಿ ಒಂದು ಕೆಲಸ ಮಾಡಿ ನೋಡಿ. ನಿಮ್ಮ ಉಪ್ಪಿನಕಾಯಿಯಿಂದ ದೊಡ್ಡ ತುಂಡೊಂದನ್ನು ತೆಗೆದು ಅಡ್ಡಕ್ಕೆ ಕೊಯ್ಯಿರಿ. ಹೊರಗೆ ಕಪ್ಪು ಮಸಾಲೆ ಹಿಡಿದಿರುತ್ತದೆ. ನಡುವೆ ಬಿಳಿಚಿಕೊಂಡ ಮಾಂಸ ಹಾಗೇ ಇರುತ್ತದೆ. ಆ ನಡುವಿನ ಮಾಂಸವನ್ನು ಮಾತ್ರ ನಾಲಿಗೆಗೆ ಇಟ್ಟುಕೊಳ್ಳಿ. ಹುಳಿ ಗೊತ್ತಾಗುವುದೇ ಇಲ್ಲ ಅಂದರೆ ಅಲ್ಲಿಗೆ ಹುಳಿ ತಲುಪಿಲ್ಲ. ಮೇಲಿನ ಗ್ರೇವಿಯ ಪಿಎಚ್ ನೋಡಿ ಸಮಾಧಾನ ಪಟ್ಟುಕೊಳ್ಳುವುದು ಇದಕ್ಕೇ ತಪ್ಪು. ತುಂಡು ಚಿಕ್ಕದಿರಲಿ. ಹುಳಿ ಹಾಕಿ ಕೆಲವು ದಿನ ಫ್ರಿಜ್‌ನಲ್ಲಿ ಇಟ್ಟ ಮೇಲೆ ತುಂಡು, ಮಸಾಲೆ ಎರಡನ್ನೂ ಒಟ್ಟಿಗೆ ರುಬ್ಬಿ ಅಳೆಯಿರಿ. ಮಸಾಲೆಯ ಬಣ್ಣಕ್ಕೆ ಪಿಎಚ್ ಕಾಗದ ನಂಬಲಾಗದು, ಮೀಟರ್ ಬೇಕು. ಮನೆಗೊಂದು ಬೇಡ, ಸಂಘಕ್ಕೊಂದು ಸಾಕು. 4.6 ಅನ್ನುವುದು ಅಂಚು. ಅಂಚಿನಲ್ಲಿ ನಿಲ್ಲಬೇಡಿ, ಇನ್ನೂ ಕೆಳಗೆ ಬನ್ನಿ. ಬಾಟಲಿಯ ಮೇಲೆ ಫ್ರಿಜ್‌ನಲ್ಲಿಡಿ ಅಂತ ಬರೆಯಿರಿ. ಈ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಕಣ್ಣು ಎರಡೆರಡು ಕಾಣುವುದು, ರೆಪ್ಪೆ ಜೋತು ಬೀಳುವುದು, ನುಂಗಲು ಆಗದಿರುವುದು, ಆಮೇಲೆ ಉಸಿರಾಟಕ್ಕೆ ತೊಂದರೆ. ಅಪರೂಪದ ಕಾಯಿಲೆ ನಿಜ. ಬಂದರೆ ಜೀವಕ್ಕೇ ಕುತ್ತು.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ನೇರವಾದದ್ದು. ಮಾಂಸದ ಉಪ್ಪಿನಕಾಯಿಯಿಂದ ಶುರು ಮಾಡಬೇಡಿ. ಮೊದಲು ಒಣ ಮಸಾಲೆ, ಹುರಿದ ಪುಡಿ, ಹುಳಿ ಹಣ್ಣಿನ ಜಾಮ್, ನಿಂಬೆ, ಗಾಂಧಾರಿ ಮೆಣಸನ್ನು ವಿನಿಗರ್‌ನಲ್ಲಿ ಹಾಕಿದ್ದು, ಇಂಥದ್ದು ಮಾಡಿ. ಕೈ ಪಳಗಲಿ, ಲೆಕ್ಕ ಬರೆಯುವ ಅಭ್ಯಾಸ ಆಗಲಿ. ಆಮೇಲೆ ಮಾಂಸ. ಅದೂ ಕಾಡುಹಂದಿ ಖಂಡಿತ ಬೇಡ. 1972ರ ವನ್ಯಜೀವಿ ಕಾಯ್ದೆ ಅಲ್ಲಿ ಕಾದಿರುತ್ತದೆ.

ಸಭೆಯಲ್ಲಿ ಒಬ್ಬರು ಹಿರಿಯರು ಎದ್ದು ಕೇಳಿದರು. "ನಮ್ಮ ಅಜ್ಜಿ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ, ಯಾರಿಗೂ ಏನೂ ಆಗಿಲ್ಲವಲ್ಲ?" ನ್ಯಾಯವಾದ ಪ್ರಶ್ನೆ. ಅಮ್ಮಾ, ಅಜ್ಜಿ ಮಾಡಿದ್ದನ್ನು ತಿಂದವರು ಮನೆಯವರು. ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿ ಇಟ್ಟಿದ್ದರು. ತಿನ್ನುವ ಮುಂಚೆ ಮತ್ತೆ ಬಿಸಿ ಮಾಡುತ್ತಿದ್ದರು. ಈಗ ನೀವು ಕೊಟ್ಟ ಬಾಟಲಿ ಬಸ್ಸಿನ ಡಿಕ್ಕಿಯಲ್ಲಿ ಬೇಯುತ್ತದೆ, ಯಾರದೋ ಮನೆಯ ಕಪಾಟಿನಲ್ಲಿ ಮೂರು ತಿಂಗಳು ಕೂರುತ್ತದೆ, ಬಿಸಿ ಮಾಡದೆ ಚಪಾತಿಗೆ ನಂಚಿಕೊಳ್ಳುತ್ತಾರೆ. ಅಡುಗೆ ಅಜ್ಜಿಯದ್ದೇ ಇರಲಿ. ಆ ಅಡುಗೆ ಹೋಗಿ ಸೇರುವ ಜಾಗ ಬದಲಾಗಿದೆ.

ಕಳಲೆಯ, ಅಂದರೆ ಎಳೆ ಬಿದಿರಿನ ಮೊಳಕೆಯ, ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದು ನಿಮಗೆ ಗೊತ್ತಿರುವುದೇ. ಹಸಿ ಕಳಲೆಯಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇದೆ. ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಮುಚ್ಚಳ ತೆಗೆದು ಬೇಯಿಸಿ, ಆ ನೀರು ಚೆಲ್ಲುವುದು ಸುಮ್ನೆ ಬಂದ ಪದ್ಧತಿ ಅಲ್ಲ. ಆರ್ಡರ್ ಜಾಸ್ತಿ ಬಂತು ಅಂತ ಒಂದು ದಿನ ಕಮ್ಮಿ ಮಾಡಬೇಡಿ. ಕಾಡಿನ ಅಣಬೆಯನ್ನು ಮಾತ್ರ ಮಾರಲೇಬೇಡಿ. ಗುರುತಿಸುವುದರಲ್ಲಿ ಎಷ್ಟು ಅನುಭವ ಇದ್ದರೂ ಬೇಡ.

ಮಳೆಗಾಲ ನಮ್ಮ ಜಿಲ್ಲೆಯದ್ದೇ ವಿಶೇಷ ಕಷ್ಟ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಕಾಲ) ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ತಣ್ಣಗಿರಬೇಕಾದ್ದು 5 ಡಿಗ್ರಿಯೊಳಗೆ, ಬಿಸಿ ಬಡಿಸಬೇಕಾದ್ದು 60 ಡಿಗ್ರಿ ಮೇಲೆ ಇರಬೇಕು. ನಡುವೆ ಬಿಟ್ಟರೆ ಕೆಡುತ್ತದೆ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಡೆಯುತ್ತದೆ, ತುಂಬಿದ ಫ್ರೀಜರ್ ಎರಡು ದಿನ. ಅದಾದ ಮೇಲೆ ಮಾಂಸ ಎಸೆಯಬೇಕು. ಹೊಟ್ಟೆ ಉರಿಯುತ್ತದೆ, ಗೊತ್ತು. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್ ತನಕ ಮಾಂಸದ ತಯಾರಿ ಕಮ್ಮಿ ಇಟ್ಟುಕೊಳ್ಳಿ. ನೀರಿನದ್ದೂ ಹಾಗೆ. ಬೆಟ್ಟದ ಒರತೆಯಿಂದ ಪೈಪಿನಲ್ಲಿ ಬರುವ ನೀರು ಬೇಸಿಗೆಯಲ್ಲಿ ತಿಳಿಯಾಗಿರುತ್ತದೆ. ಮಳೆ ಬಿದ್ದ ಮೇಲೆ ಅದರ ಬಣ್ಣ ನೋಡಿ. ತಯಾರಿಕೆಗೆ ಬಳಸುವ ನೀರು ಕುಡಿಯಲು ಯೋಗ್ಯ ಇರಲೇಬೇಕು. ಇದು ನಿಯಮದ ನಾಲ್ಕನೇ ಅನುಸೂಚಿಯಲ್ಲೇ ಇದೆ. ಮಳೆಗಾಲ ಶುರುವಾದ ಮೇಲೊಮ್ಮೆ ಪರೀಕ್ಷೆ ಮಾಡಿಸಿ. ಬೇಸಿಗೆಯ ವರದಿ ಮಳೆಗಾಲಕ್ಕೆ ಆಗುವುದಿಲ್ಲ.

ಈಗ ವೈನ್. ಇದನ್ನು ಹೇಳದೆ ಹೋದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. ಕೊಡಗಿನ ರಸ್ತೆ ಬದಿಯಲ್ಲಿ ಹೋಂ ಮೇಡ್ ವೈನ್ ಅಂತ ಬೋರ್ಡು ಹಾಕಿರುತ್ತಾರೆ. ದ್ರಾಕ್ಷಿ, ಶುಂಠಿ, ವೀಳ್ಯದೆಲೆ, ಏನೇನೋ. ಆಹಾರ ನೋಂದಣಿ ಇದೆ ಅಂದ ಮಾತ್ರಕ್ಕೆ ಮದ್ಯ ಮಾರುವ ಹಕ್ಕು ಬರುವುದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಮದ್ಯ ತಯಾರಿಕೆಗೂ ಮಾರಾಟಕ್ಕೂ ಅಬಕಾರಿ ಲೈಸೆನ್ಸ್ ಬೇಕು. ಹುದುಗು ಬಂದು ಆಲ್ಕೋಹಾಲ್ ಆದರೆ ಅದು ಮದ್ಯ, ಎಷ್ಟೇ ಸೌಮ್ಯವಾಗಿದ್ದರೂ. ಸಿಕ್ಕಿಬಿದ್ದರೆ ಕ್ರಿಮಿನಲ್ ಕೇಸು. ಅದೇ ಹಣ್ಣಿನಿಂದ ಸ್ಕ್ವಾಷ್, ಸಿರಪ್ ಮಾಡಿ. ಅದಕ್ಕೂ ಗಿರಾಕಿ ಇದ್ದಾರೆ, ರಾತ್ರಿ ನಿದ್ದೆಯೂ ಬರುತ್ತದೆ.

ಚಾಕೊಲೇಟ್ ಮಾಡುವವರು ಬಹಳ ಜನ ಇದ್ದೀರಿ. ನೀವು ಕರಗಿಸಿ ಅಚ್ಚಿಗೆ ಹಾಕುವ ಗಟ್ಟಿ ಹೆಚ್ಚಾಗಿ ಕಾಂಪೌಂಡ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಆಹಾರ ಗುಣಮಟ್ಟದ ನಿಯಮದಲ್ಲಿ ಅದು ಚಾಕೊಲೇಟ್ ಅಲ್ಲ. ಗಟ್ಟಿ ಬಂದ ಪ್ಯಾಕೆಟ್ ಓದಿ, ಅದರಲ್ಲಿ ಏನು ಹೆಸರಿದೆಯೋ ಅದೇ ಹೆಸರು ನಿಮ್ಮ ಲೇಬಲ್‌ಗೆ ಬರಲಿ. ಇನ್ನು ಬೇರೆ ಊರಿನ ಕಾರ್ಖಾನೆಯಿಂದ ತಂದು ಹೋಂ ಮೇಡ್ ಅಂತ ಮಾರುವುದಕ್ಕೆ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮ ಅಡ್ಡ ಬರುತ್ತದೆ. ಗಿರಾಕಿಗೆ ತಪ್ಪು ಅಭಿಪ್ರಾಯ ಮೂಡಿಸುವ ಹಾಗೆ ಆ ಮಾತು ಬಳಸಬಾರದು. ನಿಜವಾಗಿ ಮನೆಯಲ್ಲಿ ಮಾಡುವ ನಿಮಗೆ ಇದು ಒಳ್ಳೆಯದೇ ಅಲ್ವಾ.

ಅದೇ ನಿಯಮ ಇನ್ನೊಂದು ಕಡೆ ನಮಗೇ ತಾಗುತ್ತದೆ. ಕಾಚಂಪುಳಿಯ ಬಾಟಲಿ ಮೇಲೆ "ತೂಕ ಇಳಿಸುತ್ತದೆ" ಅಂತ ಬರೆಯುವುದು ಈಗ ರೂಢಿ ಆಗಿದೆ. ಮದ್ದುಸೊಪ್ಪಿನ ಸಿರಪ್ ಮೇಲೆ "18 ರೋಗಕ್ಕೆ ಮದ್ದು" ಅಂತ. ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪಿನಲ್ಲಿ 18 ಮದ್ದು ಸೇರಿರುತ್ತದೆ ಅನ್ನುವ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆ ದಿನ ನೇರಳೆ ಬಣ್ಣದ ಪಾಯಸ ನಾನೂ ತಿನ್ನುತ್ತೇನೆ. ಆದರೆ ಮನೆಯ ನಂಬಿಕೆ ಬೇರೆ, ಮಾರುವ ಬಾಟಲಿಯ ಮೇಲಿನ ಮಾತು ಬೇರೆ. ದಾರಿ ತಪ್ಪಿಸುವ ಜಾಹೀರಾತಿಗೆ 53ನೇ ಸೆಕ್ಷನ್‌ನಲ್ಲಿ 10 ಲಕ್ಷದವರೆಗೆ ದಂಡ ಇದೆ. ರೋಗ ವಾಸಿ ಮಾಡುತ್ತದೆ ಅಂದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೂ ಬರಬಹುದು. ಯಾವ ಹಣ್ಣಿನದ್ದು, ಹೇಗೆ ರಸ ಇಳಿಸಿ ಕುದಿಸಿದ್ದು ಅಂತ ಬರೆಯಿರಿ. ಅಷ್ಟಕ್ಕೇ ಜನ ಕೊಳ್ಳುತ್ತಾರೆ. ಹಳೇ ಮದ್ಯದ ಬಾಟಲಿಗೆ ತುಂಬಿ ಮಾರುವುದನ್ನೂ ಬಿಡೋಣ. ಅದರಲ್ಲಿ ಮೊದಲು ಏನಿತ್ತು, ಆಮೇಲೆ ಯಾರ ಮನೆಯಲ್ಲಿ ಏನು ತುಂಬಿದ್ದರು, ನಿಮಗೆ ಗೊತ್ತಿರುವುದಿಲ್ಲ. ತಿಂಡಿಯನ್ನು ನ್ಯೂಸ್‌ಪೇಪರ್‌ನಲ್ಲಿ ಕಟ್ಟುವುದನ್ನು 2018ರ ಪ್ಯಾಕೇಜಿಂಗ್ ನಿಯಮ ನಿಷೇಧಿಸಿದೆ. ಬಣ್ಣದ ಬಗ್ಗೆ ನಿಮಗೆ ನೆನಪಿರಬಹುದು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ನಿಷೇಧಿಸಿತು, ಜೂನ್‌ನಲ್ಲಿ ಕಬಾಬ್‌ಗೂ.

ಲೇಬಲ್ ಬಗ್ಗೆ ಎಲ್ಲರೂ ಕೇಳುತ್ತೀರಿ. 2020ರ ಲೇಬಲಿಂಗ್ ನಿಯಮ ಇದೆ. ಪದಾರ್ಥದ ಹೆಸರು, ಏನೇನು ಹಾಕಿದ್ದೀರಿ ಅನ್ನುವ ಪಟ್ಟಿ, ತಯಾರಿಸಿದ ದಿನ, ಯಾವಾಗಿನ ತನಕ ಬಳಸಬಹುದು, ಬ್ಯಾಚ್ ನಂಬರ್, ತೂಕ, ನಿಮ್ಮ ಹೆಸರು ವಿಳಾಸ, 14 ಅಂಕಿಯ ನಂಬರ್ ಇವು ಬೇಕು. ಸಾಮಗ್ರಿಯನ್ನು ಜಾಸ್ತಿ ಇರುವುದರಿಂದ ಕಮ್ಮಿ ಇರುವುದರ ಕಡೆಗೆ ಬರೆಯಬೇಕು. ಕಡಲೆಕಾಯಿ, ಹಾಲು, ಗೋಧಿ, ಸೋಯಾಬೀನ್‌ನಂಥ ಅಲರ್ಜಿ ತರುವವು ಇದ್ದರೆ ಬೇರೆಯಾಗಿ ಹೇಳಬೇಕು. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ. ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಈಗ ತ್ರಿಕೋನ. ಹಳೆಯ ಡಿಸೈನ್‌ನಲ್ಲಿ ಕಂದು ಚುಕ್ಕೆ ಇರುತ್ತದೆ, ಪ್ರಿಂಟರ್‌ಗೆ ಹೇಳಿ ಬದಲಾಯಿಸಿ. ಪೌಷ್ಟಿಕಾಂಶದ ಪಟ್ಟಿಗೆ ಕೆಲವು ಪದಾರ್ಥಗಳಿಗೆ ವಿನಾಯಿತಿ ಇದೆ, ನಿಮ್ಮದಕ್ಕೆ ಇದೆಯೇ ಅಂತ ವಿಚಾರಿಸಿ. ಭಾಷೆಯ ವಿಷಯದಲ್ಲಿ ನನಗೆ ಬೇಸರ ಇದೆ. ನಿಯಮದ ಪ್ರಕಾರ ಈ ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು, ಅದರ ಜೊತೆಗೆ ಬೇರೆ ಭಾಷೆ ಹಾಕಬಹುದು. ಕನ್ನಡ ಒಂದೇ ಸಾಲುವುದಿಲ್ಲ. ಸೋಮವಾರಪೇಟೆಯಲ್ಲಿ ಮಾಡಿ ಕುಶಾಲನಗರದಲ್ಲಿ ಮಾರುವ ಪುಡಿಗೆ ಇದು ಯಾಕೆ ಬೇಕು ಅಂತ ನನಗೂ ಅನ್ನಿಸುತ್ತದೆ. ಬದಲಾಗುವ ತನಕ ಎರಡೂ ಹಾಕಿ. ಕನ್ನಡ ಮಾತ್ರ ಬಿಡಬೇಡಿ. ಫ್ರಿಜ್‌ನಲ್ಲಿಡಿ ಅನ್ನುವ ಮಾತು ಓದುವವರಿಗೆ ಅರ್ಥ ಆಗಬೇಕು.

ತೂಕ, ಗರಿಷ್ಠ ಬೆಲೆ ಇವು ಕಾನೂನು ಮಾಪನಶಾಸ್ತ್ರ ಇಲಾಖೆಯ, ಅಂದರೆ ತೂಕ ಅಳತೆ ನೋಡುವ ಇಲಾಖೆಯ, 2011ರ ಪೊಟ್ಟಣ ನಿಯಮದಲ್ಲೂ ಬರುತ್ತವೆ. ಮೊದಲೇ ಪೊಟ್ಟಣ ಕಟ್ಟಿ ಮಾರುವವರು ಆ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಇದು ಬಹಳ ಜನರಿಗೆ ಗೊತ್ತೇ ಇಲ್ಲ.

ಒಬ್ಬರು ಕೇಳಿದರು, "ಎಕ್ಸ್‌ಪೈರಿ ಡೇಟ್ ಹೇಗೆ ಹಾಕುವುದು?" ಅಂಗಡಿಯಲ್ಲಿರುವ ಬೇರೆಯವರ ಬಾಟಲಿ ನೋಡಿ ಆರು ತಿಂಗಳು ಅಂತ ಬರೆಯುವುದು ಸುಲಭ. ಅವರದ್ದರಲ್ಲಿ ಸಂರಕ್ಷಕ ಇರಬಹುದು, ಹುಳಿ ಜಾಸ್ತಿ ಇರಬಹುದು, ಎಣ್ಣೆ ಬೇರೆ ಇರಬಹುದು. ನಿಮ್ಮದನ್ನು ನೀವೇ ಇಟ್ಟು ನೋಡಬೇಕು, ಲ್ಯಾಬ್‌ನಲ್ಲಿ ಪರೀಕ್ಷಿಸಬೇಕು. ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಇದೆ, 1950ರಿಂದ ಆಹಾರದ ಕೆಲಸವನ್ನೇ ಮಾಡಿಕೊಂಡು ಬಂದ ಸಂಸ್ಥೆ. ನಮಗೆ ಅದು ಹತ್ತಿರ. ಶುಲ್ಕ ಒಬ್ಬರಿಗೆ ಭಾರ ಆದರೆ ಸಂಘದವರು ಸೇರಿ ಕಟ್ಟಿ. ದುಡ್ಡಿನ ಮಾತು ಬಂದಾಗ ಹೇಳುತ್ತೇನೆ, 2020ರಲ್ಲಿ ಕೇಂದ್ರ ಶುರು ಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಕ್ಕೆ ಸಾಲದ ಜೊತೆ 35 ಶೇಕಡಾ ಸಹಾಯಧನ, 10 ಲಕ್ಷದ ಮಿತಿಯಲ್ಲಿ, ಇಟ್ಟಿದ್ದರು. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಆರಂಭದ ಬಂಡವಾಳವೂ ಇತ್ತು. ಈಗ ಯಾವ ಸ್ಥಿತಿಯಲ್ಲಿದೆ ಅಂತ ಕೃಷಿ ಇಲಾಖೆಯಲ್ಲಿ ಕೇಳಿ.

ಕೊನೆಯ ಪ್ರಶ್ನೆ ಪೊನ್ನಂಪೇಟೆ ಕಡೆಯ ಒಬ್ಬ ತಂಗಿಯದ್ದು. "ಗಿರಾಕಿ ಫೋನ್ ಮಾಡಿ, ನಿಮ್ಮದು ತಿಂದು ಹೊಟ್ಟೆ ಕೆಟ್ಟಿತು ಅಂದರೆ ಏನು ಮಾಡಲಿ?" ಮೊದಲು ವಾದ ಮಾಡಬೇಡಿ. ಡಾಕ್ಟರ ಹತ್ತಿರ ಹೋಗಲು ಹೇಳಿ. ಯಾವ ಬ್ಯಾಚ್ ಅಂತ ಬಾಟಲಿ ನೋಡಿ ಹೇಳಿಸಿ. ಆ ಬ್ಯಾಚಿನ ಮಾರಾಟ ಅಲ್ಲಿಗೇ ನಿಲ್ಲಿಸಿ. ಯಾರಿಗೆಲ್ಲ ಕೊಟ್ಟಿದ್ದೀರೋ ಅವರಿಗೆಲ್ಲ ತಿನ್ನಬೇಡಿ ಅಂತ ಅವತ್ತೇ ತಿಳಿಸಿ. ಉಳಿದದ್ದನ್ನು ಎಸೆಯಬೇಡಿ, ಪರೀಕ್ಷೆಗೆ ಬೇಕಾಗುತ್ತದೆ.

ಕಾನೂನಿನಲ್ಲಿ ಇದರ ತೂಕ ದೊಡ್ಡದು. ಕೊಳಕು ಜಾಗದಲ್ಲಿ ತಯಾರಿಸಿದ್ದಕ್ಕೆ 1 ಲಕ್ಷದವರೆಗೆ, ತಪ್ಪು ಲೇಬಲ್‌ಗೆ 3 ಲಕ್ಷದವರೆಗೆ ದಂಡ. ತಿಂದವರಿಗೆ ತೊಂದರೆಯಾದರೆ 65ನೇ ಸೆಕ್ಷನ್ ಪ್ರಕಾರ ಪರಿಹಾರ ಕೊಡಬೇಕು. ಗಂಭೀರ ಪೆಟ್ಟಾದರೆ 3 ಲಕ್ಷದವರೆಗೆ, ಸಾವಾದರೆ ಕಡೇಪಕ್ಷ 5 ಲಕ್ಷ. ಅಸುರಕ್ಷಿತ ಆಹಾರದಿಂದ ಸಾವಾದರೆ ಜೈಲು ಏಳು ವರ್ಷಕ್ಕೆ ಕಮ್ಮಿ ಇಲ್ಲ. ಆದರೆ ಕಾಯ್ದೆಯ 80ನೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ. ಎಲ್ಲ ಎಚ್ಚರಿಕೆ ತೆಗೆದುಕೊಂಡಿದ್ದೆ, ಶ್ರದ್ಧೆಯಿಂದ ಮಾಡಿದ್ದೆ ಅಂತ ತೋರಿಸಿಕೊಟ್ಟರೆ ಅದು ಒಪ್ಪುವ ವಾದ. ಬಾಯಿಮಾತಿನಲ್ಲಿ ತೋರಿಸಲು ಆಗುವುದಿಲ್ಲ. ಒಂದು ನೂರು ಪುಟದ ನೋಟ್‌ಪುಸ್ತಕ ತನ್ನಿ. ಬ್ಯಾಚ್ ನಂಬರ್, ತಾರೀಕು, ಮಾಂಸ ಅಥವಾ ಹಣ್ಣು ಎಲ್ಲಿಂದ ಬಂತು, ಎಷ್ಟು ಹುಳಿ ಹಾಕಿದ್ದು, ಪಿಎಚ್ ಎಷ್ಟು ಬಂತು, ಎಷ್ಟು ಬಾಟಲಿ, ಯಾರಿಗೆ ಹೋಯಿತು. ಮಾಡಿದ ದಿನವೇ ಬರೆಯಿರಿ. ಪ್ರತಿ ಬ್ಯಾಚಿನಿಂದ ಒಂದು ಬಾಟಲಿ ಮಾರದೆ ಎತ್ತಿಡಿ, ಅದರ ಮೇಲೆ ಬರೆದ ಕೊನೆಯ ತಾರೀಕು ದಾಟುವ ತನಕ.